ಲಿಚ್‌ನ ಬಲ ಅವನ ಹಿಟ್ ಪಾಯಿಂಟ್‌ನಲ್ಲಿಲ್ಲ

ಜೂನ್‌ನಲ್ಲಿ ಮಳೆ ಹಿಡಿದರೆ ಕೊಡಗಿನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ದಾಳ ಉರುಳಿಸಿ ಪಾತ್ರಗಳಾಗಿ ಕಥೆ ಆಡುವ ಮೇಜಿನಾಟಕ್ಕೆ ಬೇಕಾದಷ್ಟು ಸಮಯ. ದೀರ್ಘ ಕ್ಯಾಂಪೇನ್‌ನ (ಹಲವು ಕೂಟಗಳ ಕಥೆಯ) ಕೊನೆಗೆ ಬಹಳ ಡಿಎಂಗಳು (ಆಟ ನಡೆಸುವವರು) ಲಿಚ್ ಎಂಬ, ಸತ್ತರೂ ಅಳಿಯದ ಮಾಂತ್ರಿಕನನ್ನು ಇಡುತ್ತಾರೆ, ಅವನು ಎರಡೇ ಸುತ್ತಿಗೆ ಸತ್ತುಬೀಳುತ್ತಾನೆ. ಕಾರಣ ಸರಳ. 2014ರ ನಿಯಮದಲ್ಲಿ (ಇಲ್ಲಿನ ಲೆಕ್ಕವೆಲ್ಲ ಅದರದೇ) ಅವನ ಚಾಲೆಂಜ್ ರೇಟಿಂಗ್, ಅಂದರೆ ಎದುರಾಳಿಯಾಗಿ ಅವನ ಮಟ್ಟ, 21 ಇದ್ದರೂ ಹಿಟ್ ಪಾಯಿಂಟ್ (ತಾಳಬಲ್ಲ ಏಟಿನ ಲೆಕ್ಕ) 135, ಎಸಿ (ಏಟು ತಾಗಲು ದಾಳ ಮುಟ್ಟಬೇಕಾದ ಸಂಖ್ಯೆ) 17 ಮಾತ್ರ. ದೊಡ್ಡ ಹಜಾರದಲ್ಲಿ ಸಿಂಹಾಸನದ ಮೇಲೆ ಕೂರಿಸಿದರೆ ಫೈಟರ್ ನೇರ ಹೋಗಿ ಕಡಿದುಹಾಕುತ್ತಾನೆ. ತಡಿಯಂಡಮೋಳ್ ಬುಡದ ನಾಲ್ಕುನಾಡು ಅರಮನೆಯ ಹಾಗೆ ಎರಡಂತಸ್ತಿನ, ಕೋಣೆ ಕೋಣೆಯಾಗಿ ಒಡೆದ ಮನೆಯನ್ನು ನಕ್ಷೆಗೆ ತೆಗೆದುಕೊಳ್ಳಿ. ಲಿಚ್ ಮೇಲಂತಸ್ತಿನಲ್ಲಿರಲಿ, ಕೆಳಗಿನ ಬಾಗಿಲುಗಳು ಅವನ ಕಣ್ಣಿಗೆ ಬೀಳಲಿ.

ಡಿಎಂ ಮೊದಲು ಕಾಯಬೇಕಾದದ್ದು ಅವನ ರಿಯಾಕ್ಷನ್ ಅನ್ನು, ಅಂದರೆ ಎದುರಾಳಿಯ ನಡೆಗೆ ತಕ್ಷಣ ಕೊಡುವ ಉತ್ತರವನ್ನು. ಒಂದು ಸುತ್ತಿನಲ್ಲಿ ಅದು ಒಂದೇ ಸಲ. ಶೀಲ್ಡ್ ಎಂಬ ರಕ್ಷಣೆಯ ಸ್ಪೆಲ್‌ಗೆ (ಮಂತ್ರಕ್ಕೆ) ಖರ್ಚು ಮಾಡಿದರೆ ಎಸಿ 22 ಆಗುತ್ತದೆ, ಆದರೆ ಬೇರೆಯವರ ಸ್ಪೆಲ್ ತಡೆಯುವ ಕೌಂಟರ್‌ಸ್ಪೆಲ್ ಹೋಯಿತು. ಜಾಣ ಆಟಗಾರರು ಮೊದಲು ಫೈಟರ್‌ನ ಏಟಿನಿಂದ ಲಿಚ್ ಶೀಲ್ಡ್ ಹಾಕುವಂತೆ ಮಾಡಿ, ಆಮೇಲೆ ತಮ್ಮ ವಿಝಾರ್ಡ್‌ನ (ಮಾಂತ್ರಿಕನ) ದೊಡ್ಡ ಸ್ಪೆಲ್ ಬಿಡುತ್ತಾರೆ. ಆದ್ದರಿಂದ ಏಟು ತಿಂದರೂ ಪರವಾಗಿಲ್ಲ, ಕೌಂಟರ್‌ಸ್ಪೆಲ್ ಉಳಿಸಿಕೊಳ್ಳಿ. ಅದು 60 ಅಡಿಯೊಳಗೆ, ಕಣ್ಣಿಗೆ ಕಾಣುವವರ ಮೇಲೆ ಮಾತ್ರ ನಡೆಯುತ್ತದೆ.

ಒಂದೇ ಪದದಿಂದ ಕೊಲ್ಲುವ ಪವರ್ ವರ್ಡ್ ಕಿಲ್ ಸ್ಪೆಲ್ ಅನ್ನು ಮೊದಲ ಸುತ್ತಿಗೇ ಎಸೆಯುವುದು ಇನ್ನೊಂದು ತಪ್ಪು. ಗುರಿಗೆ 100 ಅಥವಾ ಕಡಿಮೆ ಹಿಟ್ ಪಾಯಿಂಟ್ ಇದ್ದರೆ ಸಾವು, ಸೇವ್ (ದಾಳ ಉರುಳಿಸಿ ತಪ್ಪಿಸಿಕೊಳ್ಳುವ ಅವಕಾಶ) ಇಲ್ಲ. ಹೆಚ್ಚಿದ್ದರೆ ಒಂಬತ್ತನೇ ಲೆವೆಲ್‌ನ ಸ್ಪೆಲ್‌ಗೆ ಅವನಿಗಿರುವ ಒಂದೇ ಸ್ಲಾಟ್ (ಬಳಕೆಯ ಅವಕಾಶ) ನೀರುಪಾಲು. ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನ) +2 ಇರುವ 17ನೇ ಲೆವೆಲ್ ವಿಝಾರ್ಡ್‌ಗೆ ಸರಾಸರಿಯಲ್ಲಿ 104 ಹಿಟ್ ಪಾಯಿಂಟ್. ಬೇರೆಯವರ ಸರದಿ ಮುಗಿದಾಗ ಲಿಚ್‌ಗೆ ಸಿಗುವ ಲೆಜೆಂಡರಿ ಆಕ್ಷನ್‌ನಲ್ಲಿ ಒಂದು ರೇ ಆಫ್ ಫ್ರಾಸ್ಟ್ (ಹಿಮದ ಕಿರಣ) ಬಿಡಿ: 4ಡಿ8, ಅಂದರೆ ಎಂಟು ಮುಖದ ನಾಲ್ಕು ದಾಳ, ಸರಾಸರಿ 18. ಈಗ ಆ ವಿಝಾರ್ಡ್ 86ಕ್ಕೆ ಇಳಿದ. ತನ್ನ ಸರದಿ ಬಂದಾಗ ಲಿಚ್ ಆ ಪದ ನುಡಿಯಲಿ. ಯಾರಾದರೂ ಕೌಂಟರ್ ಮಾಡಿದರೆ, ಉಳಿಸಿಟ್ಟ ರಿಯಾಕ್ಷನ್‌ನಿಂದ ಅದನ್ನೇ ಕೌಂಟರ್ ಮಾಡಬಹುದು.

ಲೆಜೆಂಡರಿ ಆಕ್ಷನ್ ಮರೆಯುವುದು ತೀರ ಸಾಮಾನ್ಯ. ಪರದೆ ಹಿಂದೆ ಮೂರು ಕಾಫಿ ಬೀಜ ಆಕ್ಷನ್‌ಗೆ, ಮೂರು ಕರಿಮೆಣಸು ಲೆಜೆಂಡರಿ ರೆಸಿಸ್ಟೆನ್ಸ್‌ಗೆ (ಸೋತ ಸೇವ್ ಅನ್ನು ಗೆಲುವಾಗಿಸುವ ಹಕ್ಕಿಗೆ) ಇಟ್ಟುಕೊಳ್ಳಿ. ಬೀಜ ಅವನ ಪ್ರತಿ ಸರದಿಯ ಆರಂಭಕ್ಕೆ ಮರಳುತ್ತದೆ, ಮೆಣಸು ಆ ದಿನಕ್ಕೆ ಮುಗಿದರೆ ಮುಗಿಯಿತು. ಅವನ ಡೆಕ್ಸ್ಟೆರಿಟಿ (ಚುರುಕುತನದ) ಸೇವ್ +3, ಸ್ಟ್ರೆಂತ್ (ತೋಳ್ಬಲದ) ಸೇವ್ +0 ಮಾತ್ರ. ಆಟಗಾರರು ಮೆಣಸು ಖಾಲಿ ಮಾಡಿಸಬೇಕಾದದ್ದು ಅಲ್ಲಿಂದಲೇ.

ನೆಕ್ರೊಮ್ಯಾನ್ಸರ್ (ಸತ್ತವರನ್ನು ಎಬ್ಬಿಸುವ ಮಾಂತ್ರಿಕ) ಆಡುವವರಿಗೆ ಒಂದೇ ಮಾತು. ಹೆಣಗಳನ್ನು ಎಬ್ಬಿಸುವ ಅನಿಮೇಟ್ ಡೆಡ್ ಸ್ಪೆಲ್‌ನ ಹಿಡಿತ 24 ಗಂಟೆ. ಒಂದು ಸ್ಪೆಲ್‌ಗೆ ನಾಲ್ಕು ಅಸ್ಥಿಪಂಜರಗಳ ಹಿಡಿತ ಮುಂದುವರಿಸಬಹುದು, ಆದರೆ ಗಡುವು ಮೀರುವ ಮುಂಚೆ. ಮೀರಿದರೆ ಅವು ನಿಮ್ಮ ಮಾತು ಕೇಳುವುದಿಲ್ಲ. ಎಲ್ಲಕ್ಕೂ ಒಂದೇ ಇನಿಶಿಯೇಟಿವ್ (ಸರದಿಯ ಕ್ರಮ) ಇರಲಿ, ಬಾಣದ ಏಟಿಗೆ ದಾಳದ ಬದಲು ಸರಾಸರಿ 5 ಬರೆದುಕೊಳ್ಳಿ. ಇಲ್ಲದಿದ್ದರೆ ಮೇಜಿನ ಸುತ್ತ ಇದ್ದವರೆಲ್ಲ ತೂಕಡಿಸುತ್ತಾರೆ.

ಇನ್ನು ಫಿಲ್ಯಾಕ್ಟರಿ, ಅಂದರೆ ಲಿಚ್ ತನ್ನ ಆತ್ಮವನ್ನು ಅಡಗಿಸಿಟ್ಟ ವಸ್ತು. ಅದನ್ನು ಸಮುದ್ರದ ತಳದಲ್ಲಿ ಹುಗಿದರೆ ಆಟವೇ ಇಲ್ಲ. ಲಿಚ್ ಅದಕ್ಕೆ ಆಗಾಗ ಆತ್ಮಗಳನ್ನು ಉಣಿಸಲೇಬೇಕು, ಆದ್ದರಿಂದ ಕಾಣೆಯಾದವರ ಜಾಡು ಹಿಡಿದರೆ ದಾರಿ ಸಿಗಬೇಕು. ನಮ್ಮ ಕಡೆಯವರು ಅಡಗುತಾಣವೆಂದು ಕೈಮಡವನ್ನು (ಕೊಡವ ಮನೆತನದ ಹಿರಿಯರ ಗುಡಿಯನ್ನು) ಸೂಚಿಸುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ಅಲ್ಲಿರುವ ಗುರುಕಾರೋಣ ಮನೆತನವನ್ನು ಕಾಯುವವನು, ವರ್ಷಕ್ಕೊಮ್ಮೆ ಎಡೆ ಇಟ್ಟು ಕರೆಸಿಕೊಳ್ಳುವ ಹಿರಿಯ. ಲಿಚ್ ಯಾರನ್ನೂ ಕಾಯುವುದಿಲ್ಲ, ಕಂಡವರನ್ನು ತಿಂದು ತಾನು ಉಳಿಯುತ್ತಾನೆ. ಎರಡನ್ನೂ ಒಂದೇ ಗುಡಿಯಲ್ಲಿಟ್ಟರೆ ಎರಡೂ ಕೆಡುತ್ತವೆ. ಹಾಳುಬಿದ್ದ ತೋಟದ ಪಲ್ಪಿಂಗ್ ಮನೆ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಜಾಗ) ಸಾಕು.

ದೇಹ ನಾಶವಾದ ಗಳಿಗೆಯಲ್ಲೇ ಪರದೆಯ ಹಿಂದೆ 1ಡಿ10 (ಹತ್ತು ಮುಖದ ಒಂದು ದಾಳ) ಉರುಳಿಸಿ. ಅಷ್ಟು ದಿನಕ್ಕೆ ಫಿಲ್ಯಾಕ್ಟರಿಯ 5 ಅಡಿಯೊಳಗೆ ಹೊಸ ದೇಹ, ಪೂರ್ತಿ ಹಿಟ್ ಪಾಯಿಂಟ್ ಸಮೇತ. ಬಿದ್ದ ಸಂಖ್ಯೆ ಹೇಳಬೇಡಿ. ಅಡಗುತಾಣ ನಾಲ್ಕು ದಿನದ ದಾರಿಯಲ್ಲಿರಲಿ, ನಡುವೆ ಮಳೆಗೆ ಕುಸಿದ ಒಂದು ಗುಡ್ಡವೂ ಇರಲಿ.