ಕೂಗುವ ಹುಂಜ, ಕೂರುವ ಜಾಗ: ವಸಂತದ ಟರ್ಕಿ ಸೀಸನ್ ಮುಗಿದ ದಿನ

ಮೇ 31, 2025, ಶನಿವಾರ
ಡೆಲವೇರ್ ಕೌಂಟಿ, ನ್ಯೂಯಾರ್ಕ್ ರಾಜ್ಯ

ಇವತ್ತು ಮಧ್ಯಾಹ್ನ 12ಕ್ಕೆ ಸೀಸನ್ ಮುಗಿಯಿತು. ನ್ಯೂಯಾರ್ಕ್‌ನಲ್ಲಿ ವಸಂತದ ಟರ್ಕಿ ಕೋಳಿಯ ಬೇಟೆ ಮೇ 1ರಿಂದ 31ರವರೆಗೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆ ಶುರು, ನಡುಮಧ್ಯಾಹ್ನಕ್ಕೆ ಬಂದ್. ಎದೆಯಲ್ಲಿ ಕೂದಲಿನಂಥ ಗರಿಯ ಗಡ್ಡ ಇಳಿಬಿದ್ದ ಹಕ್ಕಿಯನ್ನು ಮಾತ್ರ ಹೊಡೆಯಬಹುದು; ದಿನಕ್ಕೆ ಒಂದು, ಇಡೀ ಸೀಸನ್‌ಗೆ ಎರಡು. ಕ್ಯಾಟ್‌ಸ್ಕಿಲ್ ಗುಡ್ಡಗಳ ಈ ಬದಿಯಲ್ಲಿ ಮೇ ಮೊದಲಿಗೆ ಸೂರ್ಯ ಹುಟ್ಟುವುದು 5:50ರ ಆಸುಪಾಸು, ಕೊನೆಗೆ 5:25ರ ಆಸುಪಾಸು. ಹಾಗಾಗಿ ತಿಂಗಳ ಕೊನೆಯಲ್ಲಿ ನಾಲ್ಕೂವರೆಗೆಲ್ಲ ಮರದ ಬುಡ ಸೇರಿ ಉಸಿರು ಹಿಡಿದು ಕೂತಿರಬೇಕು. ಮಲೆನಾಡಿನಲ್ಲಿ ಹಿಂದೆ ಮರಸು ಕೂರುವುದು ಎನ್ನುತ್ತಿದ್ದರಲ್ಲ, ಕೆಲಸ ಅದೇ. ಕರ್ನಾಟಕದಲ್ಲಿ ಈಗ ಕಾಡುಪ್ರಾಣಿಯ ಬೇಟೆ ಅಪರಾಧ, ಆಗಬೇಕಾದ್ದೂ ಅದೇ. ಆದರೆ ಆ ಮಾತುಗಳು ಇಲ್ಲಿನ ಕೆಲಸಕ್ಕೆ ಚೆನ್ನಾಗಿ ಒದಗುತ್ತವೆ: ಮರಸು (ಅಡಗಿ ಕೂರುವ ಜಾಗ), ಈಡು (ಕೋವಿಯ ಹೊಡೆತ), ತೋಟಾ (ಕೋವಿಗೆ ತುಂಬುವ ಮದ್ದುಗುಂಡಿನ ಕೊಳವೆ), ಚರೆ (ಅದರೊಳಗಿನ ಸಣ್ಣ ಗುಂಡುಗಳು).

ಹೊಸಬರು ಮೊದಲು ಕೇಳುವುದು ಕಾಲ್ ಬಗ್ಗೆ, ಅಂದರೆ ಹಕ್ಕಿಯ ದನಿ ತೆಗೆದು ಕರೆಯುವ ಸಾಮಾನಿನ ಬಗ್ಗೆ. ಯಾವ ಕಾಲ್ ಕೊಳ್ಳಬೇಕು, ಹೇಗೆ ಊದಬೇಕು, ಹೇಗೆ ಉಜ್ಜಬೇಕು. ಅದೆಲ್ಲ ಬೇಕು, ಆದರೆ ಎರಡನೆಯ ಪಾಠ. ಒಳ್ಳೆಯ ಸೀಸನ್‌ಗೂ ಬರಿಗೈಗೂ ನಡುವೆ ಇರುವುದು ಕೂತ ಜಾಗ. ಹಕ್ಕಿಯ ಸ್ವಭಾವದಲ್ಲೇ ಇದಕ್ಕೆ ಕಾರಣವಿದೆ. ಟರ್ಕಿಯಲ್ಲಿ ಹುಂಜ ಮರದ ಮೇಲಿಂದ ಕೂಗುತ್ತದೆ, ಹೇಂಟೆ ಆ ಕೂಗಿನ ಜಾಡು ಹಿಡಿದು ಹುಂಜದ ಹತ್ತಿರ ಹೋಗುತ್ತದೆ. ಬೇಟೆಗಾರ ಹೇಂಟೆಯ ದನಿ ತೆಗೆದು ಹುಂಜವನ್ನು ತನ್ನ ಕಡೆ ಬರಮಾಡಿಕೊಳ್ಳಲು ನೋಡುತ್ತಾನೆ. ಅದು ಸಹಜ ಕ್ರಮಕ್ಕೆ ತಿರುಗುಮುರುಗು. ಹುಂಜ ಸ್ವಲ್ಪ ದೂರ ಬಂದು, ಹೇಂಟೆ ಕಾಣಬೇಕಾದ ಜಾಗವನ್ನು ನೋಡಿ, ಅಲ್ಲಿ ಏನೂ ಇಲ್ಲ ಅನ್ನಿಸಿದರೆ ನಿಂತುಬಿಡುತ್ತದೆ. ಎಪ್ಪತ್ತು, ಎಂಬತ್ತು ಗಜದಲ್ಲಿ ನಿಂತು ಬಾಲ ಬಿಚ್ಚಿ, ರೆಕ್ಕೆ ನೆಲಕ್ಕೆ ಎಳೆದು, ಹೇಂಟೆಯೇ ಬರಲಿ ಎಂದು ಕಾಯುತ್ತದೆ. ಎಷ್ಟು ಸೊಗಸಾಗಿ ಕರೆದರೂ ಮುಂದೆ ಬರುವುದಿಲ್ಲ.

ಇದಕ್ಕೆ ಮದ್ದು ನೆಲದ ಏರಿಳಿತ. ಗುಡ್ಡದ ಮಡಿಕೆ, ಹಳೆಯ ಕಲ್ಲುಗೋಡೆಯ ದಾರಿ ತಿರುಗುವ ಮೂಲೆ, ಮರ ಸಾಗಿಸುವ ದಾರಿಯ ಬಾಗು, ಇಂಥ ಕಡೆ ಆ ಏಣಿನಿಂದ (ನೋಟ ಮರೆಯಾಗುವ ಅಂಚಿನಿಂದ) 25ರಿಂದ 35 ಗಜ ಹಿಂದೆ ಕೂರಬೇಕು. ಹೇಂಟೆಯನ್ನು ಹುಡುಕಿಕೊಂಡು ಹುಂಜ ಏಣಿನ ಮೇಲೆ ತಲೆ ಎತ್ತಿದ ಕ್ಷಣವೇ ಅದು ಕೋವಿಯ ಅಳತೆಯೊಳಗೆ ಇರುತ್ತದೆ. ಬಯಲಿನಂಥ ತೆರೆದ ಕಾಡಿನಲ್ಲಿ, ಬುಡದಿಂದ ನೂರು ಗಜ ಕಾಣುವ ಜಾಗ ನಮಗೆ ಅನುಕೂಲ ಅನ್ನಿಸುತ್ತದೆ. ಆದರೆ ನಮಗೆ ನೂರು ಗಜ ಕಂಡರೆ ಅದಕ್ಕೂ ಕಾಣುತ್ತದೆ, ಅದರ ಕಣ್ಣು ನಮ್ಮದಕ್ಕಿಂತ ಬಲು ಚುರುಕು. ಹಾಗೆಯೇ ಹಕ್ಕಿಗೂ ನಮಗೂ ನಡುವೆ ಹಳ್ಳ, ತಂತಿಬೇಲಿ, ದಟ್ಟ ಪೊದೆ ಇರಬಾರದು. ಹಾರಿ ದಾಟಲು ಅದಕ್ಕೆ ಆಗುತ್ತದೆ, ಆದರೆ ಬೆದೆಯ ಹುಂಜ ನಡೆದು ಬರಲು ಇಷ್ಟಪಡುತ್ತದೆ. ಇಳಿಜಾರಿದ್ದರೆ ಹುಂಜದ ಸಮಮಟ್ಟದಲ್ಲಿ ಅಥವಾ ತುಸು ಮೇಲೆ ಕೂರುವುದೇ ಲೇಸು.

ಜಾಗದ ಆಯ್ಕೆ ಏಪ್ರಿಲ್‌ನಲ್ಲೇ ಆಗಬೇಕು. ನೆಲ ಓದಲು ಕಲಿತರೆ ಅರ್ಧ ಕೆಲಸ ಆದಂತೆ. ಹುಂಜದ ಹಿಕ್ಕೆ ಉದ್ದವಾಗಿ ತುದಿಯಲ್ಲಿ ಕೊಕ್ಕೆಯಂತೆ ಬಾಗಿರುತ್ತದೆ; ಹೇಂಟೆಯದು ಸುರುಳಿ ಸುತ್ತಿದ ಮುದ್ದೆ. ಎದೆಯ ಗರಿ ಸಿಕ್ಕರೆ ತುದಿ ನೋಡಿ: ಕಪ್ಪಾಗಿ ಕತ್ತರಿಸಿದಂತಿದ್ದರೆ ಹುಂಜ, ಕಂದು ಅಂಚಿದ್ದರೆ ಹೇಂಟೆ. ಕಾಡುದಾರಿಯ ಧೂಳಿನಲ್ಲಿ ಹೆಜ್ಜೆಯ ಎರಡೂ ಪಕ್ಕ ಸಣ್ಣ ಗೆರೆಗಳು ಎಳೆದಂತಿದ್ದರೆ ಅದು ರೆಕ್ಕೆಯ ತುದಿಯ ಗುರುತು, ಹುಂಜ ಕುಣಿಯುವ ಅಂಗಳ. ಓಕ್ ಮರದಡಿ ತರಗೆಲೆ ಕೆದರಿದ ಜಾಗದಲ್ಲಿ ಎಲೆ ಯಾವ ಕಡೆ ರಾಶಿ ಬಿದ್ದಿದೆಯೋ ಅದರ ಎದುರು ದಿಕ್ಕಿಗೆ ಗುಂಪು ಮುಖ ಮಾಡಿತ್ತು ಎಂದರ್ಥ. ಸಂಜೆ ಕತ್ತಲಾಗುವ ಹೊತ್ತಿಗೆ ಗೂಬೆಯ ಕೂಗು ಕೂಗಿದರೆ ಮರ ಹತ್ತಿದ ಹುಂಜ ಒಮ್ಮೊಮ್ಮೆ ತಡೆಯಲಾರದೆ ಉತ್ತರ ಕೊಡುತ್ತದೆ, ರಾತ್ರಿ ತಂಗುವ ಮರದ ದಿಕ್ಕು ತಿಳಿಯುತ್ತದೆ. ಏಪ್ರಿಲ್‌ನಲ್ಲಿ ಹೇಂಟೆಯ ಕರೆಯನ್ನು ಮಾತ್ರ ಕಾಡಿನಲ್ಲಿ ಹಾಕಬೇಡಿ. ಸೀಸನ್‌ಗೆ ಮೊದಲೇ ಹಕ್ಕಿಗೆ ಮೋಸ ಕಲಿಸಿದಂತಾಗುತ್ತದೆ.

ಮೇ ಮೊದಲ ವಾರ ಈ ಎತ್ತರದಲ್ಲಿ ಮರಗಳು ಇನ್ನೂ ಬೋಳು. ತಂಗುವ ಮರಕ್ಕೆ 150 ಗಜಕ್ಕಿಂತ ಹತ್ತಿರ ಹೋದರೆ ಮೇಲಿರುವ ಹುಂಜಕ್ಕೆ ನಾವು ಕಂಡುಬಿಡುತ್ತೇವೆ. ಎಲೆ ತುಂಬಿದ ಮೇಲೆ ನೂರು ಗಜದವರೆಗೆ ಹೋಗಬಹುದು. ಬೆಳಕು ಹರಿಯುವ ಮುನ್ನ ಮೂರು ನಾಲ್ಕು ಮೆಲುದನಿಯ ಯೆಲ್ಪ್ (ಹೇಂಟೆಯ ಕರೆ) ಸಾಕು. ಅದು ಕೂಗಿ ಉತ್ತರ ಕೊಟ್ಟಿತೋ, ಬಾಯಿ ಮುಚ್ಚಿ. ಮರದ ಮೇಲಿರುವಾಗಲೇ ಹೆಚ್ಚು ಕರೆದರೆ ಅದು ಇಳಿಯದೆ ಅಲ್ಲೇ ಕೂತು ಹೇಂಟೆ ಬರುವುದನ್ನೇ ನೋಡುತ್ತದೆ, ಅಷ್ಟರಲ್ಲಿ ನಿಜವಾದ ಹೇಂಟೆ ಬಂದು ಕರೆದುಕೊಂಡು ಹೋಗುತ್ತದೆ.

ಇನ್ನು ಕರೆಯ ಸಾಮಾನು. ಪೆಟ್ಟಿಗೆಯಂಥದ್ದಿದೆ, ನಾಲಿಗೆಯಿಂದ ಅಂಗುಳಕ್ಕೆ ಒತ್ತಿ ಹಿಡಿದು ಊದುವ ಪೊರೆಯದ್ದಿದೆ, ಬಟ್ಟಲಿನಂಥದ್ದಿದೆ. ಕಲಿಯುವವರಿಗೆ ಸ್ಲೇಟ್ ಬಟ್ಟಲೇ ಒಳ್ಳೆಯದು ಎಂಬುದು ಈ ಬರಹದ ಖಚಿತ ಅಭಿಪ್ರಾಯ. ಅಂಗೈಯಷ್ಟು ಅಗಲದ ಬಟ್ಟಲು, ಮೇಲೆ ಸ್ಲೇಟ್ ಬಿಲ್ಲೆ, ಉಜ್ಜಲು ಒಂದು ಮರದ ಕಡ್ಡಿ. ಬಟ್ಟಲನ್ನು ಬೆರಳ ತುದಿಗಳಲ್ಲಿ ಹಿಡಿಯಬೇಕು. ಅಂಗೈಗೆ ಒತ್ತಿದರೆ ತಳದ ತೂತುಗಳು ಮುಚ್ಚಿ ದನಿ ಸಾಯುತ್ತದೆ. ಕಡ್ಡಿಯನ್ನು ಪೆನ್ಸಿಲ್ ಹಿಡಿದಂತೆ ಹಿಡಿದು, ತುದಿಯನ್ನು ಒಮ್ಮೆಯೂ ಎತ್ತದೆ, ರೂಪಾಯಿ ನಾಣ್ಯಕ್ಕಿಂತ ಚಿಕ್ಕ ಮೊಟ್ಟೆಯಾಕಾರ ಬರೆಯುತ್ತಾ ಹೋದರೆ ಯೆಲ್ಪ್ ಬರುತ್ತದೆ. ಅಂಚಿನ ಹತ್ತಿರ ದನಿ ಕೀರಲು, ನಡುವಿನ ಕಡೆ ಬಂದಷ್ಟೂ ಒರಟು. ಐದರಿಂದ ಏಳು ಯೆಲ್ಪ್, ಒಂದೇ ಲಯ. ಬೆರಳಿನ ಜಿಡ್ಡು ಬಿಲ್ಲೆಗೆ ತಾಗಬಾರದು. ಜಾರತೊಡಗಿದರೆ ಸಣ್ಣ ಉಪ್ಪುಕಾಗದದಿಂದ ಒಂದೇ ದಿಕ್ಕಿಗೆ ನಯವಾಗಿ ಉಜ್ಜಿ, ಧೂಳನ್ನು ಊದಿ, ಆ ಗೆರೆಗಳಿಗೆ ಅಡ್ಡಲಾಗಿ ಕಡ್ಡಿ ಎಳೆಯಬೇಕು. ಮಳೆಯಲ್ಲಿ ಸ್ಲೇಟ್ ಕೈಕೊಡುತ್ತದೆ. ಆಗ ಗಾಜಿನ ಬಿಲ್ಲೆ, ಕಾರ್ಬನ್ ಕಡ್ಡಿ. ಪೆಟ್ಟಿಗೆ ಕಾಲ್‌ಗೆ ಉಪ್ಪುಕಾಗದ ಹಾಕಲೇಬಾರದು, ಎಣ್ಣೆಯಿಲ್ಲದ ಸೀಮೆಸುಣ್ಣ ಸಾಕು.

ಎಲ್ಲಕ್ಕಿಂತ ನಂಬಿಗಸ್ತ ಕರೆ ತರಗೆಲೆ ಕೆದರುವುದು. ಹುಂಜ ನಿಂತುಬಿಟ್ಟು ಕೂಗುತ್ತಿದೆ, ಬರುತ್ತಿಲ್ಲ ಎಂದಾಗ ಕಾಲ್ ಕೆಳಗಿಟ್ಟು, ಪಕ್ಕದ ಎಲೆಗಳನ್ನು ಕೈಯಿಂದ ಒಮ್ಮೆ, ತುಸು ತಡೆದು ಬೇಗ ಬೇಗ ಎರಡು ಸಲ ಕೆದರಿ. ಮೇಯುವ ಹೇಂಟೆಯ ಸದ್ದು ಅದು. ನಡುವೆ ಒಂದು ಕ್ಲಕ್, ಅಂದರೆ ಹೇಂಟೆಯ ಒಂದೇ ಚುಟುಕು ದನಿ. ಆಮೇಲೆ ಇಪ್ಪತ್ತು ನಿಮಿಷ ಏನೂ ಮಾಡಬಾರದು. ಕೂಗು ನಿಂತುಹೋದರೆ ಹಕ್ಕಿ ಹೋಯಿತು ಎಂದು ಎದ್ದು ನಿಲ್ಲುವುದು ಈ ಬೇಟೆಯಲ್ಲಿ ಅತಿ ಹೆಚ್ಚು ಆಗುವ ತಪ್ಪು. ಸದ್ದಿಲ್ಲದ ಹುಂಜ ಬಹಳ ಸಲ ನಡೆದು ಬರುತ್ತಿರುವ ಹುಂಜ.

ಹೊತ್ತಿನ ಲೆಕ್ಕವೂ ಹೀಗೆಯೇ. ಹೇಂಟೆ ದಿನಕ್ಕೊಂದರಂತೆ ಹತ್ತು ಹನ್ನೆರಡು ಮೊಟ್ಟೆ ಇಟ್ಟು, ಕಾವಿಗೆ 28 ದಿನ ಕೂರುತ್ತದೆ. ಮೇ ಮೊದಲಿಗೆ ಹುಂಜಗಳು ಮುಂಜಾನೆ ಹೇಂಟೆಗಳ ನಡುವೆಯೇ ಇರುತ್ತವೆ, ಕರೆಗೆ ಕಿವಿಗೊಡುವುದಿಲ್ಲ. ಒಂಬತ್ತರ ನಂತರ ಹೇಂಟೆಗಳು ಒಂದೊಂದಾಗಿ ಗೂಡಿಗೆ ಸರಿಯುತ್ತವೆ, ಹುಂಜ ಒಂಟಿಯಾಗುತ್ತದೆ. ಅದಕ್ಕೇ 9ರಿಂದ 11:30ರ ಹೊತ್ತು ಬಂಗಾರ. ಏಳು ಗಂಟೆಗೆ ಕಾಫಿ ಕುಡಿಯಲು ಮನೆಗೆ ಹೋದವರು ಇದನ್ನು ಕಳೆದುಕೊಳ್ಳುತ್ತಾರೆ. ತಿಂಗಳ ಎರಡನೇ ಅರ್ಧದಲ್ಲಿ ಹೇಂಟೆಗಳು ಕಾವಿಗೆ ಕೂತ ಮೇಲೆ ಬೆಳಗಿನ ಜಾವದಲ್ಲೂ ಉತ್ತರ ಸಿಗುತ್ತದೆ. ಮಳೆ ಬಿದ್ದ ಬೆಳಿಗ್ಗೆ ಕಾಡು ಬಿಟ್ಟು ಹುಲ್ಲುಗಾವಲಿನ ಅಂಚಿಗೆ ಹೋಗಿ. ತೊಟ್ಟಿಕ್ಕುವ ಕಾಡಿನಲ್ಲಿ ಕಿವಿ ಕೇಳದೆ ಹಕ್ಕಿಗಳು ಬಯಲಿಗೆ ಬರುತ್ತವೆ.

ಕೋವಿಯ ವಿಷಯದಲ್ಲಿ ಒಂದೇ ಹಟ ಬೇಕು: ಕಾಗದದ ಮೇಲೆ ಹೊಡೆದು ನೋಡದೆ ಕಾಡಿಗೆ ಹೋಗಬಾರದು. 12 ಬೋರಿನ ಕೋವಿ, ಬಿಗಿಯಾದ ಫುಲ್ ಚೋಕ್ (ಚರೆ ಬೇಗ ಚದುರದಂತೆ ನಳಿಗೆಯ ಬಾಯಿಯನ್ನು ಕಿರಿದಾಗಿಸುವ ಭಾಗ). 40 ಗಜದಲ್ಲಿ ಮೂರಡಿ ಅಗಲದ ಕಾಗದ ಕಟ್ಟಿ, ನಡುವೆ ಗುರುತು ಹಾಕಿ, ಬೆಂಚಿನ ಮೇಲೆ ಕೋವಿ ಆನಿಸಿ ಹೊಡೆಯಿರಿ. ಚರೆ ದಟ್ಟವಾಗಿ ಬಿದ್ದ ಕಡೆ 10 ಇಂಚಿನ ವೃತ್ತ ಎಳೆದು ತೂತು ಎಣಿಸಿ. ನೂರು ಬಿದ್ದಿದ್ದರೆ ಆ ಕೋವಿ, ಆ ಚೋಕ್, ಆ ತೋಟಾ ಮೂರೂ ಹೊಂದಿವೆ. ಕಡಿಮೆಯಾದರೆ 35 ಗಜಕ್ಕೆ, 30 ಗಜಕ್ಕೆ ಬಂದು ಮತ್ತೆ ಎಣಿಸಿ. ನೂರು ಬೀಳುವ ದೂರವೇ ನಿಮ್ಮ ಮಿತಿ. ವೃತ್ತದ ನಡು ಗುರುತಿನಿಂದ ನಾಲ್ಕೈದು ಇಂಚು ಆಚೆ ಹೋಗಿದ್ದರೆ ತಪ್ಪು ಚೋಕಿನದಲ್ಲ, ಕೋವಿ ಹೊಡೆಯುವ ಬಿಂದುವೇ ಬೇರೆ. ಗುರಿ ನೋಡುವ ಸೈಟ್ ಹೊಂದಿಸಬಹುದಾದದ್ದೇ ಬೇಕು. ಸೀಸದ 6 ನಂಬರ್ ಚರೆ ಒಂದು ಔನ್ಸಿಗೆ ಸುಮಾರು 225. ಟಂಗ್‌ಸ್ಟನ್‌ನ 9 ನಂಬರ್ ಚರೆ ಸುಮಾರು 360. ಸೀಸಕ್ಕಿಂತ ಒಂದೂವರೆ ಪಟ್ಟು ಸಾಂದ್ರವಾದ್ದರಿಂದ ಸಣ್ಣದಿದ್ದರೂ ಒಳಹೊಕ್ಕುತ್ತದೆ. ಬೆಲೆ ಮಾತ್ರ ಬಹಳ ಹೆಚ್ಚು. ಹತ್ತು ಗಜದಲ್ಲೂ ಒಂದು ಈಡು ಹೊಡೆದು ನೋಡಿ: ಚರೆಯೆಲ್ಲ ಮುಷ್ಟಿಯಷ್ಟು ಜಾಗದಲ್ಲಿ ಬಿದ್ದಿರುತ್ತದೆ. ಕಾಲ ಬುಡಕ್ಕೇ ಬಂದ ಹುಂಜ ತಪ್ಪಿಹೋಗುವುದು ಇದರಿಂದಲೇ. ಇನ್ನೊಂದು ಕಾರಣ, ಹಕ್ಕಿ ನೋಡುವ ಆತುರದಲ್ಲಿ ಕೆನ್ನೆ ಕೋವಿಯ ಹಿಂಬದಿಯ ಹಿಡಿಯಿಂದ ಮೇಲೇಳುವುದು. ಆಗ ಈಡು ತಲೆಯ ಮೇಲೆ ಹಾದುಹೋಗುತ್ತದೆ.

ಕೂತ ಕೂಡಲೇ ಸುತ್ತಲಿನ ಮರಗಳ ದೂರ ಅಳೆದು 40 ಗಜದ್ದು ಯಾವುದು ಎಂದು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಬಲಗೈಯವರು ಎಡಭುಜವನ್ನು ಹಕ್ಕಿ ಬರುವ ಕಡೆ ತಿರುಗಿಸಿ, ಕೋವಿಯನ್ನು ಎಡಮೊಣಕಾಲ ಮೇಲೆ ಇಟ್ಟಿರಬೇಕು. ಹುಂಜದ ತಲೆ ಮರದ ಹಿಂದೆ ಮರೆಯಾದಾಗ ಮಾತ್ರ ಕೋವಿ ಅಲುಗಲಿ. ಬಾಲ ಬಿಚ್ಚಿ ಕುತ್ತಿಗೆ ಒಳಗೆಳೆದ ಹಕ್ಕಿಗೆ ಹೊಡೆಯಬಾರದು. ಒಂದು ಕ್ಲಕ್ ಹಾಕಿದರೆ ಕುತ್ತಿಗೆ ನೀಳವಾಗುತ್ತದೆ. ಗರಿ ಮುಗಿದು ಕೆಂಪು ಚರ್ಮ ಶುರುವಾಗುವ ಕಡೆ ಗುರಿ. ಮೈಗೆ ಬಿದ್ದ ಚರೆಯಿಂದ ಹಕ್ಕಿ ಗಾಯಗೊಂಡು ಹೋಗಿ ಎಲ್ಲೋ ಸಾಯುತ್ತದೆ, ಅದು ಯಾರಿಗೂ ಬೇಡದ ಸಾವು.

ಗಡ್ಡ ಕಂಡರೆ ಸಾಲದು. ಕೆಲವು ಹೇಂಟೆಗಳಿಗೂ ತೆಳುವಾದ ಗಡ್ಡ ಇರುತ್ತದೆ. ಕಾನೂನು ಒಪ್ಪಿದರೂ ಅದನ್ನು ಬಿಟ್ಟುಬಿಡಬೇಕು, ಅದರ ಹಿಂದೆ ಒಂದು ಗೂಡಿದೆ. ಒಂದು ವರ್ಷದ ಎಳೆ ಹುಂಜದ ಬಾಲದ ಬೀಸಣಿಗೆಯಲ್ಲಿ ನಡುವಿನ ಗರಿಗಳು ಪಕ್ಕದವಕ್ಕಿಂತ ಉದ್ದ, ಕಾಲಿನ ಮುಳ್ಳು ಅರ್ಧ ಇಂಚಿಗೂ ಕಡಿಮೆ. ಬೀಸಣಿಗೆ ಒಂದೇ ಸಮ ಇದ್ದರೆ ಬಲಿತ ಹುಂಜ.

ಸುರಕ್ಷತೆಯಲ್ಲಿ ರಿಯಾಯಿತಿ ಇಲ್ಲ. ಕೆಂಪು, ಬಿಳಿ, ನೀಲಿ ಮೂರೂ ಹುಂಜದ ತಲೆಯ ಬಣ್ಣ; ಕಾಲುಚೀಲದಲ್ಲೂ ಅವು ಕಾಣಬಾರದು. ಭುಜಕ್ಕಿಂತ ಅಗಲದ ಮರಕ್ಕೆ ಬೆನ್ನು ಕೊಡಬೇಕು. ಕೂಗಿನ ಜಾಡು ಹಿಡಿದು ತೆವಳಿಕೊಂಡು ಹೋಗಬಾರದು, ಆ ಸದ್ದು ಇನ್ನೊಬ್ಬ ಬೇಟೆಗಾರನ ಕಾಲ್ ಆಗಿರಬಹುದು. ಬೇರೆಯವರು ಕಂಡರೆ ಕೈ ಬೀಸಬೇಡಿ, ಗಟ್ಟಿಯಾಗಿ ಮಾತಾಡಿ. ಹುಂಜವನ್ನು ಸೆಳೆಯಲು ಇಡುವ ಬೊಂಬೆ ಹಕ್ಕಿಯನ್ನೂ ಹೊಡೆದ ಹಕ್ಕಿಯನ್ನೂ ಹೊಳೆಯುವ ಕಿತ್ತಳೆ ಬಟ್ಟೆಯಲ್ಲಿ ಸುತ್ತಿಯೇ ಹೊರಬೇಕು. ಬಿದ್ದ ಹುಂಜದ ಕಾಲು ಹಿಡಿಯಲು ಹೋಗಬೇಡಿ, ಒದ್ದಾಟದಲ್ಲಿ ಮುಳ್ಳು ಅಂಗೈ ಸೀಳುತ್ತದೆ.

ಉಣ್ಣೆಹುಳುವಿನ ಕಾಟ ಮಲೆನಾಡಿನವರಿಗೆ ಗೊತ್ತು. ಅಲ್ಲಿ ಅದರಿಂದ ಮಂಗನ ಕಾಯಿಲೆ, ಇಲ್ಲಿ ಲೈಮ್ ಕಾಯಿಲೆ. ಮೇ ತಿಂಗಳ ಮರಿ ಉಣ್ಣೆ ಗಸಗಸೆ ಕಾಳಿನಷ್ಟಿರುತ್ತದೆ. ಬಟ್ಟೆಗೆ 0.5 ಶೇಕಡಾ ಪರ್ಮೆಥ್ರಿನ್ ಕೀಟನಾಶಕ ಸಿಂಪಡಿಸಿ ಪೂರ್ತಿ ಒಣಗಿಸಿ ತೊಡಬೇಕು, ಮೈಗೆ ಹಚ್ಚುವುದಲ್ಲ. ಮನೆಗೆ ಬಂದ ಕೂಡಲೇ ಮಂಡಿಯ ಹಿಂದೆ, ಸೊಂಟದ ಪಟ್ಟಿಯಡಿ, ಕೂದಲಲ್ಲಿ ಹುಡುಕಿ.

ಹಕ್ಕಿಗೆ ಟ್ಯಾಗ್ ಬರೆಯುವುದು ಬಿದ್ದ ಜಾಗದಲ್ಲೇ, ರಾಜ್ಯದ ಪರಿಸರ ಸಂರಕ್ಷಣಾ ಇಲಾಖೆಗೆ ವರದಿ 7 ದಿನದೊಳಗೆ. ಬಿಸಿಲೇರುವ ಮುನ್ನ ಕರುಳು ತೆಗೆದು ನೆರಳಿಗೆ ಹಾಕಿ. ಕುತ್ತಿಗೆ ಬುಡದ ಕಾಳಿನ ಚೀಲವನ್ನು ಬಿಚ್ಚಿ ನೋಡಿ: ಓಕ್ ಕಾಯಿಯೋ, ಹುಲ್ಲಿನ ಚಿಗುರೋ, ಹುಳುವೋ, ಹಿಂಡು ಎಲ್ಲಿ ಮೇಯುತ್ತಿದೆ ಎಂಬುದು ಅದರಲ್ಲೇ ಇದೆ. ಚರೆ ಗರಿಯನ್ನೂ ಒಳಗೆಳೆದುಕೊಂಡು ಹೋಗಿರುತ್ತದೆ. ಗಾಯದ ದಾರಿ ಸೀಳಿ ಎರಡನ್ನೂ ತೆಗೆಯಬೇಕು. ಎದೆಮಾಂಸವನ್ನು ಎಳೆಗೆ ಅಡ್ಡವಾಗಿ ಹೆಚ್ಚಿ ಬೇಗ ಹುರಿಯಬಹುದು, ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಇಳಿಸಿ, ಹೆಚ್ಚಾದರೆ ನಾರು. ಕಾಲಿಗೆ ನಾಟಿಕೋಳಿ ಸಾರಿನ ಮಸಾಲೆಯೇ ಸರಿ, ಆದರೆ ಸಣ್ಣ ಉರಿಯಲ್ಲಿ ಮೂರು ಗಂಟೆ. ಕೆಳಗಾಲಿನ ನರಗಳು ಮೂಳೆಯಂತೆ ಗಟ್ಟಿ, ಬೆಂದ ಮೇಲೆ ಒಂದೊಂದಾಗಿ ಎಳೆದು ತೆಗೆಯಬೇಕು.

ಈ ಹಕ್ಕಿ ಇಲ್ಲಿ ಇರುವುದೇ ದೊಡ್ಡದು. 1840ರ ದಶಕದ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ ಕಾಡು ಟರ್ಕಿ ಅಳಿದುಹೋಗಿತ್ತು. ಸುಮಾರು ನೂರು ವರ್ಷದ ಮೇಲೆ ಪೆನ್ಸಿಲ್ವೇನಿಯಾದಿಂದ ಕೆಲವು ತಾವಾಗಿ ಗಡಿ ದಾಟಿ ಬಂದವು. ಫಾರಂನಲ್ಲಿ ಸಾಕಿ ಬಿಟ್ಟವು ಕಾಡಿನಲ್ಲಿ ನೆಲೆಯೂರಲಿಲ್ಲ. 1959ರಿಂದ ಅಲೆಗನಿ ಸ್ಟೇಟ್ ಪಾರ್ಕ್‌ನ ಕಾಡುಹಕ್ಕಿಗಳನ್ನೇ ಬಲೆಯಲ್ಲಿ ಹಿಡಿದು ಬೇರೆ ಕಾಡುಗಳಿಗೆ ಬಿಡತೊಡಗಿದ ಮೇಲೆ ಸಂತತಿ ಹಬ್ಬಿತು. ಹೀಗೆ ಸಾಗಿಸಿದ್ದು ಒಟ್ಟು 1,400ರಷ್ಟು. 2000ದ ಸುಮಾರಿಗೆ ಏರಿದ್ದ ಸಂಖ್ಯೆ ಆಮೇಲೆ ಇಳಿದಿದೆ. ಹಾರಲು ಬಾರದ ಮೊದಲೆರಡು ವಾರಗಳಲ್ಲಿ ಜೂನ್‌ನ ತಣ್ಣನೆ ಮಳೆಗೆ ನೆನೆದು ಸಾಯುವ ಮರಿಗಳು ಬಹಳ.

ನಾಳೆಯಿಂದ ಹುಲ್ಲು ಬೆಳೆದ ಗದ್ದೆಯಂಚುಗಳಲ್ಲಿ ಓಡಾಡಬೇಡಿ, ನಾಯಿಯನ್ನೂ ಬಿಡಬೇಡಿ. ಕಾವಿಗೆ ಕೂತ ಹೇಂಟೆಯನ್ನು ಎಬ್ಬಿಸಿದರೆ ಗೂಡನ್ನೇ ತೊರೆದೀತು. ಬೇಸಿಗೆಯಲ್ಲಿ ಇಲಾಖೆ ಟರ್ಕಿ ಗುಂಪುಗಳ ಎಣಿಕೆಗೆ ಜನರಿಂದ ವರದಿ ಕೇಳುತ್ತದೆ. ರಸ್ತೆ ಬದಿಯಲ್ಲಿ ಗುಂಪು ಕಂಡರೆ ಹೇಂಟೆ ಎಷ್ಟು, ಮರಿ ಎಷ್ಟು ಎಂದು ಬೇರೆ ಬೇರೆ ಎಣಿಸಿ ಬರೆಯಿರಿ. ಮರಿಯಿಲ್ಲದ ಹೇಂಟೆ ಕಂಡರೂ ಬರೆಯಬೇಕು, ಲೆಕ್ಕಕ್ಕೆ ಅದೂ ಬೇಕು.