ತಲೆ ಮೇಲಿನ ದಿಂಬು, ಮುಖದ ಮೇಲಿನ ದಿಂಬು

2016ರ ಫೆಬ್ರವರಿಯಲ್ಲಿ ನಾನು ಹ್ಯೂಸ್ಟನ್‌ನಲ್ಲಿದ್ದೆ. ಕಂಪನಿ ಒಂದು ವರ್ಷಕ್ಕೆ ಅಂತ ಕಳಿಸಿತ್ತು. 13ನೇ ತಾರೀಖು ಶನಿವಾರ, ಬಟ್ಟೆ ಒಗೆಯುವ ದಿನ. ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ಮಷೀನಿಗೆ ನಾಣ್ಯ ಹಾಕಿ ಸುಮ್ನೆ ಕೂತಿದ್ದಾಗ ಟಿವಿಯಲ್ಲಿ ಸುದ್ದಿ ಬಂತು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆಂಟೊನಿನ್ ಸ್ಕಲಿಯಾ ತೀರಿಕೊಂಡಿದ್ದಾರೆ, ಅದೂ ಇದೇ ಟೆಕ್ಸಸ್‌ನ ಒಂದು ರ‍್ಯಾಂಚಿನಲ್ಲಿ. ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ ಅಜ್ಜಿಯೊಬ್ಬರು ತಲೆಯೆತ್ತಿ ನೋಡಿ, ಒಬಾಮಾ ಇರುವಾಗಲೇ ಆಗಬೇಕಿತ್ತಾ ಇದು, ಎಂದರು. ಒಂದು ಥರಾ ದನಿಯಲ್ಲಿ. ಅನುಮಾನ ಹುಟ್ಟಿದ್ದನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು ಅನ್ನಬಹುದು, ಸುದ್ದಿ ಬಂದು ಐದು ನಿಮಿಷವೂ ಆಗಿರಲಿಲ್ಲ.

ಅಜ್ಜಿಯ ಲೆಕ್ಕಾಚಾರ ಏನು ಅಂತ ಆಮೇಲೆ ಅರ್ಥವಾಯಿತು. ನಮ್ಮಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು 65ಕ್ಕೆ ನಿವೃತ್ತಿ. ಯಾವ ತಿಂಗಳು ಯಾರ ಕುರ್ಚಿ ಖಾಲಿ ಅಂತ ವರ್ಷಗಳ ಮುಂಚೆಯೇ ಹೇಳಬಹುದು. ಅಲ್ಲಿ ಹಾಗಲ್ಲ. ಸಾಯುವ ತನಕ, ಇಲ್ಲವೇ ತಾವಾಗಿ ಬಿಡುವ ತನಕ ಕುರ್ಚಿ ಅವರದ್ದೇ. ಖಾಲಿಯಾದಾಗ ಹೊಸಬರನ್ನು ಹೆಸರಿಸುವುದು ಆಗಿನ ಅಧ್ಯಕ್ಷರು, ಒಪ್ಪಬೇಕಾದದ್ದು ಅಲ್ಲಿಯ ಸಂಸತ್ತಿನ ಮೇಲ್ಮನೆ ಸೆನೆಟ್. ರೇಗನ್ ಅಧ್ಯಕ್ಷರಾಗಿದ್ದಾಗ, 1986ರಲ್ಲಿ ಬಂದ ಸ್ಕಲಿಯಾ 79 ವರ್ಷವಾದರೂ ಅಲ್ಲೇ ಇದ್ದರು. ಇದ್ದದ್ದು ಒಂಬತ್ತು ಜನ, ಅದರಲ್ಲಿ ಐವರು ಸಂಪ್ರದಾಯವಾದಿಗಳ ಕಡೆ, ನಾಲ್ವರು ಉದಾರವಾದಿಗಳ ಕಡೆ ಅನ್ನುವ ಪರಿಸ್ಥಿತಿ. ಸಾಯುವುದಕ್ಕೆ ನಾಲ್ಕು ದಿನ ಮುಂಚೆ ಒಬಾಮಾ ಅವರ ಕಲ್ಲಿದ್ದಲು ಸ್ಥಾವರಗಳ ಹೊಗೆ ಕಡಿಮೆ ಮಾಡುವ ಯೋಜನೆಗೆ ಕೋರ್ಟ್ ತಡೆ ಕೊಟ್ಟಿತ್ತು, ಅದೂ ಐದಕ್ಕೆ ನಾಲ್ಕರಂತೆ. ಆ ಐವರಲ್ಲಿ ಸ್ಕಲಿಯಾ ಒಬ್ಬರು. ಒಬ್ಬ ಮನುಷ್ಯನ ಎದೆಬಡಿತದ ಮೇಲೆ ಇಡೀ ದೇಶದ ಲೆಕ್ಕ ನಿಂತಿದ್ದಾಗ, ಅದು ನಿಂತ ದಿನ ಜನ ಸುಮ್ಮನಿರುತ್ತಾರಾ?

ಆದರೆ ಅನುಮಾನಕ್ಕೆ ನಿಜವಾಗಿ ಬೆಂಕಿ ಹಚ್ಚಿದ್ದು ಒಂದು ದಿಂಬು.

ರ‍್ಯಾಂಚಿನ ಹೆಸರು ಸಿಬೊಲೊ ಕ್ರೀಕ್. ಟೆಕ್ಸಸ್‌ನ ಪಶ್ಚಿಮದ ತುದಿ, ಮೆಕ್ಸಿಕೊ ಗಡಿಯ ಹತ್ತಿರ. ಸ್ಕಲಿಯಾ ಶುಕ್ರವಾರ ಬಂದಿದ್ದರು, ರಾತ್ರಿ ಉಳಿದ ಅತಿಥಿಗಳ ಜೊತೆ ಊಟ ಮಾಡಿ, ಸುಸ್ತಾಗಿದೆ ಅಂತ ಬೇಗ ಮಲಗಲು ಹೋದರು. ಬೆಳಿಗ್ಗೆ ತಿಂಡಿಗೆ ಬರಲಿಲ್ಲ. ಮಾಲೀಕ ಜಾನ್ ಪಾಯಿಂಡೆಕ್ಸ್‌ಟರ್ ಬಾಗಿಲು ತಟ್ಟಿದರೂ ಉತ್ತರ ಇಲ್ಲ. ಆಮೇಲೆ ಒಳಗೆ ಹೋಗಿ ನೋಡಿದರೆ ಹಾಸಿಗೆಯಲ್ಲಿ ಜೀವ ಇರಲಿಲ್ಲ. ತಲೆ ಮೇಲೆ ದಿಂಬಿತ್ತು ಅಂತ ಅವರು ಪತ್ರಿಕೆಯವರಿಗೆ ಹೇಳಿಬಿಟ್ಟರು. ಅಷ್ಟೇ ಸಾಕಾಯಿತು. ಎರಡು ದಿನದಲ್ಲಿ ಅದು ಮುಖದ ಮೇಲಿನ ದಿಂಬಾಯಿತು. ಆಗ ಇನ್ನೂ ಅಭ್ಯರ್ಥಿಯಾಗಿದ್ದ ಟ್ರಂಪ್, ದಿಂಬು ಮುಖದ ಮೇಲೆ ಇರುವುದು ವಿಚಿತ್ರ ಅಲ್ವಾ, ಅನ್ನುವ ಅರ್ಥದಲ್ಲಿ ರೇಡಿಯೋದಲ್ಲಿ ಮಾತಾಡಿದರು. ಪಾಯಿಂಡೆಕ್ಸ್‌ಟರ್ ಆಮೇಲೆ ಬಿಡಿಸಿ ಹೇಳಿದರು, ದಿಂಬು ಇದ್ದದ್ದು ತಲೆಗೂ ಮಂಚದ ಹಲಗೆಗೂ ನಡುವೆ, ಮುಖ ಮುಚ್ಚಿರಲಿಲ್ಲ ಅಂತ. ಆ ಮಾತು ಯಾರಿಗೆ ಬೇಕು? ಮೊದಲು ಬಂದ ಮಾತು ಊರು ಸುತ್ತಿ ಬಂದಾಗಿತ್ತು.

ಇಲ್ಲಿ ನನಗೆ ನಮ್ಮ ದೊಡ್ಡಪ್ಪ ನೆನಪಾಗುತ್ತಾರೆ. ಅವರು ತೀರಿಕೊಂಡದ್ದು ಅಡಿಕೆ ತೋಟದ ಪಂಪ್‌ಹೌಸಿನಲ್ಲಿ. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಮುಖದ ಮೇಲೆ ಟವೆಲ್ ಇತ್ತು. ನೊಣದ ಕಾಟಕ್ಕೆ ಅವರು ಮಲಗುತ್ತಿದ್ದದ್ದೇ ಹಾಗೆ, ನಮಗೆಲ್ಲ ಗೊತ್ತು. ಆದರೆ ಮೊದಲು ನೋಡಿದ ಆಳು ಗಾಬರಿಯಲ್ಲಿ ಓಡಿ ಬಂದು "ಮುಖಕ್ಕೆ ಟವೆಲ್ ಮುಚ್ಚಿದೆ" ಅಂದ. ಪಕ್ಕದ ತೋಟದವರ ಜೊತೆ ಬೇಲಿ ಜಗಳ ಕೋರ್ಟಿನಲ್ಲಿತ್ತು. ಸಂಜೆ ಹೊತ್ತಿಗೆ "ಮುಚ್ಚಿದೆ" ಅನ್ನುವುದು "ಮುಚ್ಚಿದ್ದಾರೆ" ಆಗಿತ್ತು. ಯಾರೂ ಬೇಕಂತ ಸುಳ್ಳು ಹೇಳಲಿಲ್ಲ, ಕ್ರಿಯಾಪದ ಒಂದು ಚೂರು ಜರುಗಿತು ಅಷ್ಟೇ. ಡಾಕ್ಟರು ಹಾರ್ಟ್ ಅಂದರು, ದೊಡ್ಡಮ್ಮ ಕೊಯ್ಯುವುದು ಬೇಡವೇ ಬೇಡ ಅಂದರು, ರಾತ್ರಿಯೇ ಸುಟ್ಟೆವು.

ಸ್ಕಲಿಯಾ ವಿಷಯದಲ್ಲೂ ಹೀಗೇ ಆಯಿತು. ಮನೆಯವರು ಪೋಸ್ಟ್‌ಮಾರ್ಟಂ ಬೇಡ ಅಂದರು. ದೇಹವನ್ನು ಎಲ್ ಪಾಸೋ ಊರಿಗೆ ಸಾಗಿಸಿ, ಕೆಡದ ಹಾಗೆ ಔಷಧಿ ತುಂಬಿಸಿ, ವಿಮಾನದಲ್ಲಿ ವರ್ಜೀನಿಯಾಕ್ಕೆ ಕಳಿಸಿದರು. ಸಾವನ್ನು ಘೋಷಿಸಿದ್ದೂ ಫೋನಿನಲ್ಲಿ! ನಾನು ಇದನ್ನು ಓದಿದಾಗ ಇದೆಂಥ ದೇಶ ಮಾರಾಯರೇ ಅಂದುಕೊಂಡೆ. ಆಮೇಲೆ ಆಫೀಸಿನಲ್ಲಿ ಆ ಕಡೆಯ ಊರಿನವನೊಬ್ಬ ವಿವರಿಸಿದ. ರ‍್ಯಾಂಚ್ ಇರುವ ಪ್ರೆಸಿಡಿಯೊ ಕೌಂಟಿ, ಅಂದರೆ ಅಲ್ಲಿಯ ಜಿಲ್ಲೆ, ನಮ್ಮ ಶಿವಮೊಗ್ಗ ಜಿಲ್ಲೆಗಿಂತ ದೊಡ್ಡದು, ಆದರೆ ಜನ ಎಂಟು ಸಾವಿರವೂ ಇಲ್ಲ. ದೊಡ್ಡ ಊರುಗಳಲ್ಲಿರುವ ಹಾಗೆ ಸಾವಿನ ತನಿಖೆಗೇ ಅಂತ ಡಾಕ್ಟರು ಅಲ್ಲಿಲ್ಲ. ಆ ಕೆಲಸ ಜಸ್ಟಿಸ್ ಆಫ್ ದಿ ಪೀಸ್ ಅನ್ನುವ ಸ್ಥಳೀಯ ನ್ಯಾಯಾಧಿಕಾರಿಗಳದ್ದು, ಆ ದಿನ ಅವರು ಸಿಗಲಿಲ್ಲ. ಆಗ ಹೊಣೆ ಬಂದದ್ದು ಕೌಂಟಿ ಜಡ್ಜ್ ಸಿಂಡರೆಲಾ ಗುವೇರಾ ಅವರ ಮೇಲೆ. (ಹೌದು, ಅದೇ ಹೆಸರು.) ಕೌಂಟಿ ಜಡ್ಜ್ ಅಂದರೆ ಜಡ್ಜ್ ಅನ್ನುವುದಕ್ಕಿಂತ ನಮ್ಮ ಜಿಲ್ಲಾ ಪಂಚಾಯ್ತಿ ಅಧ್ಯಕ್ಷರ ಥರ, ಆದರೆ ಜನ ನೇರವಾಗಿ ವೋಟು ಹಾಕಿ ಆರಿಸುವ ಹುದ್ದೆ. ಫೋನಿನಲ್ಲಿ ಘೋಷಿಸಲು ಟೆಕ್ಸಸ್ ಕಾನೂನಿನಲ್ಲಿ ಅವಕಾಶ ಇದೆ. ಅವರು ಸ್ಥಳದಲ್ಲಿದ್ದ ಪೊಲೀಸರ ಜೊತೆ, ಸ್ಕಲಿಯಾ ಅವರ ಡಾಕ್ಟರ ಜೊತೆ ಮಾತಾಡಿ, ಸಹಜ ಸಾವು ಅಂತ ಬರೆದರು. ಒಂದು ಟಿವಿ ಚಾನೆಲ್ ಅದನ್ನು ಹೃದಯಾಘಾತ ಅಂತ ಹಾಕಿತು. ಹೃದಯ ನಿಂತಿತು ಅಂದೆ, ಹೃದಯಾಘಾತ ಅನ್ನಲಿಲ್ಲ ಅಂತ ಅವರು ಹೇಳಬೇಕಾಯಿತು. ನೋಡಿ, ಇಲ್ಲೂ ಮಾತೇ.

ಕಾಯಿಲೆಗಳ ಪಟ್ಟಿ ಹೊರಗೆ ಬಂದದ್ದು ಹತ್ತು ದಿನ ಕಳೆದ ಮೇಲೆ. ಹೃದಯದ ರಕ್ತನಾಳದ ಕಾಯಿಲೆ, ಸಕ್ಕರೆ, ಬಿಪಿ, ತೂಕ, ಶ್ವಾಸಕೋಶದ ತೊಂದರೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ. ಉಸಿರಾಟದ ಮಷೀನ್ ಮಂಚದ ಪಕ್ಕದಲ್ಲೇ ಇತ್ತು, ಆನ್ ಮಾಡಿರಲಿಲ್ಲ. ಇದನ್ನು ಮೊದಲ ದಿನವೇ ಹೇಳಿದ್ದರೆ ಅರ್ಧ ಗಲಾಟೆ ಇರುತ್ತಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ. 79 ವರ್ಷದ, ಇಷ್ಟೆಲ್ಲ ಕಾಯಿಲೆ ಇದ್ದವರು ರಾತ್ರಿ ನಿದ್ದೆಯಲ್ಲಿ ಹೋದರು. ನಾನಂತೂ ನಂಬುತ್ತೇನೆ.

ಆದರೂ ಪೋಸ್ಟ್‌ಮಾರ್ಟಂ ಮಾಡಬೇಕಿತ್ತು. ದೊಡ್ಡಪ್ಪ ನಮ್ಮ ಮನೆಯವರು, ಬೇಡ ಅನ್ನುವ ಹಕ್ಕು ದೊಡ್ಡಮ್ಮನಿಗಿತ್ತು. ಸ್ಕಲಿಯಾ ಬರೀ ಮನೆಯವರ ಸ್ವತ್ತಾ? ಅವರ ಮಗ, ಇಂಥ ಮಾತುಗಳಿಂದ ದುಃಖದಲ್ಲಿರುವ ಮನೆಗೆ ನೋವಾಗುತ್ತದೆ ಅಂತ ರೇಡಿಯೋದಲ್ಲಿ ಹೇಳಿಕೊಂಡರು, ಪಾಪ ಅನ್ನಿಸಿತು. ಅದೇ ಪೋಸ್ಟ್‌ಮಾರ್ಟಂ ಆಗಿದ್ದರೆ ಆ ನೋವೂ ಕಡಿಮೆಯಾಗುತ್ತಿತ್ತೇನೋ. ಹಾಗಂತ ಕೊಯ್ದರೆ ಎಲ್ಲರ ಬಾಯಿ ಮುಚ್ಚುತ್ತದೆ ಅನ್ನುವ ಭ್ರಮೆ ನನಗಿಲ್ಲ. ನಮ್ಮಲ್ಲೇ 2014ರ ಡಿಸೆಂಬರ್‌ನಲ್ಲಿ ನಾಗಪುರದಲ್ಲಿ ತೀರಿಕೊಂಡ ನ್ಯಾಯಾಧೀಶ ಲೋಯಾ ಅವರ ಪೋಸ್ಟ್‌ಮಾರ್ಟಂ ಆಗಿತ್ತು. ಮೂರು ವರ್ಷದ ಮೇಲೆ ಪ್ರಶ್ನೆಗಳು ಎದ್ದವು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, 2018ರ ಏಪ್ರಿಲ್‌ನಲ್ಲಿ ಕೋರ್ಟ್ ಅದು ಸಹಜ ಸಾವು, ಬೇರೆ ತನಿಖೆ ಬೇಡ ಅಂತು. ಮಾತು ನಿಂತಿತಾ? ಇಲ್ಲ.

ಒಂದು ತಮಾಷೆ ಹೇಳಬೇಕು. ಒಬಾಮಾ ಕಡೆಯವರೇ ಏನೋ ಮಾಡಿದರು ಅಂತ ಗುಸುಗುಸು ಮಾಡಿದವರಿಗೆ ಆಮೇಲೆ ಆದದ್ದನ್ನು ಹೇಗೆ ಹೊಂದಿಸಿಕೊಂಡಿರಿ ಅಂತ ಕೇಳಬೇಕು ಅನ್ನಿಸುತ್ತದೆ. ಸಾವಿನ ಸುದ್ದಿ ಬಂದ ಸಂಜೆಯೇ ಸೆನೆಟ್ ನಾಯಕ, ಒಬಾಮಾ ಎದುರು ಪಕ್ಷದ ಮಿಚ್ ಮೆಕಾನಲ್, ಹೊಸ ಅಧ್ಯಕ್ಷರು ಬರುವ ತನಕ ಈ ಕುರ್ಚಿ ತುಂಬಬಾರದು ಅಂದರು. ಮಾರ್ಚ್‌ನಲ್ಲಿ ಒಬಾಮಾ ಹೆಸರಿಸಿದ ಮೆರಿಕ್ ಗಾರ್ಲಂಡ್ 293 ದಿನ ಕಾದರು, ಅವರ ನೇಮಕದ ಬಗ್ಗೆ ಸೆನೆಟ್‌ನಲ್ಲಿ ಒಂದು ವಿಚಾರಣೆಯೂ ನಡೆಯಲಿಲ್ಲ. ಕೊನೆಗೆ ಕುರ್ಚಿ ಹೋದದ್ದು 2017ರ ಏಪ್ರಿಲ್‌ನಲ್ಲಿ ಟ್ರಂಪ್ ಆರಿಸಿದ ನೀಲ್ ಗೋರ್ಸಚ್ ಅವರಿಗೆ. ಕೊಲೆ ಅನ್ನುವುದಾದರೆ ಇಷ್ಟು ಕೆಟ್ಟ ಪ್ಲಾನ್ ಯಾರಾದರೂ ಮಾಡುತ್ತಾರಾ?

ಲಾಂಡ್ರಿ ರೂಮಿನ ಅಜ್ಜಿ ಏಪ್ರಿಲ್‌ನಲ್ಲಿ ಮತ್ತೆ ಸಿಕ್ಕಿದ್ದರು. ಡಾಕ್ಟರ ಪಟ್ಟಿಯ ವಿಷಯ ಹೇಳಿದೆ. ಅದನ್ನು ಬರೆದದ್ದೂ ಸರ್ಕಾರದ ಡಾಕ್ಟರೇ ತಾನೇ, ಅಂದರು. ನಗು ಬಂತು, ವಾದ ಮಾಡಲಿಲ್ಲ. ಮಾಡುವ ಮುಖವೂ ನನಗಿರಲಿಲ್ಲ. ಯಾಕೆಂದರೆ ಬೇಲಿಯ ಕೇಸು ಮುಗಿದು ಎಷ್ಟೋ ವರ್ಷವಾಗಿದೆ, ಪಕ್ಕದ ತೋಟದವರು ಕಳೆದ ಬೇಸಿಗೆಯಲ್ಲಿ ಗೃಹಪ್ರವೇಶಕ್ಕೆ ಮನೆಗೇ ಬಂದು ಕರೆದರು, ನಾವೆಲ್ಲ ಹೋದೆವು, ಹೋಳಿಗೆ ಊಟ ಚೆನ್ನಾಗಿತ್ತು. ದೊಡ್ಡಪ್ಪನ ಮಗ ಮಾತ್ರ ಬರಲಿಲ್ಲ. ಟವೆಲ್ ಬಗ್ಗೆ ನಮಗಿಂತ ಚೆನ್ನಾಗಿ ಗೊತ್ತಿರುವವನು ಅವನೇ. ಬಾರೋ ಅಂದರೆ, "ನೀವು ಹೋಗ್ಬನ್ನಿ ಅಣ್ಣ, ಆ ಮನೆಯಲ್ಲಿ ನನಗೆ ನೀರೂ ಇಳಿಯಲ್ಲ" ಅಂದ.