ಹೋಳಿಗೆ ಕಣಕದಂಥ ಹೊಟ್ಟೆ

ಮಗಳು ಹುಟ್ಟಿ ಇವತ್ತಿಗೆ 5 ತಿಂಗಳು. ಸೀರೆ ಉಡುವಾಗ ನನ್ನ ಹೊಟ್ಟೆಯ ಚರ್ಮ ಬೆರಳಿಗೆ ಮೆತ್ತಗೆ ಸಿಗುತ್ತದೆ, ನೆನೆದ ಹೋಳಿಗೆ ಕಣಕದ ಹಾಗೆ. ಹೊಕ್ಕುಳಿನ ಸುತ್ತ ತಿಳಿಗೆಂಪು ಗೆರೆಗಳು. ಮೊದಮೊದಲು ನೋಡಿದರೆ ಅಳು ಬರುತ್ತಿತ್ತು.

ರಾಯಚೂರಿನ ಈ ಬಿಸಿಲಲ್ಲೂ ಅವ್ವ ಬಿಡಲಿಲ್ಲ. ಎಣ್ಣೆ ಹಚ್ಚಿ, ಬಿಸಿನೀರು ಎರೆದು, ಹಳೇ ಕಾಟನ್ ಸೀರೆಯಿಂದ ಹೊಟ್ಟೆ ಕಟ್ಟುತ್ತಿದ್ದಳು. ನಡುವಿಗೆ ಆಸರೆ ಸಿಕ್ಕಿದ್ದು ನಿಜ. ಆದರೆ ಕಟ್ಟಿದ ಮಾತ್ರಕ್ಕೆ ಚರ್ಮ ಬಿಗಿಯಾಗಲ್ಲ. 9 ತಿಂಗಳು ಹಿಗ್ಗಿದ್ದು ಅದು, ಚರ್ಮವನ್ನು ಬಿಗಿಯಾಗಿಡುವ ಒಳಗಿನ ಕೊಲಾಜನ್, ಎಲಾಸ್ಟಿನ್ ಎಳೆಗಳೂ ಜಗ್ಗಿರುತ್ತವೆ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲೇ ಸುಮಾರು 6 ವಾರ ಬೇಕು. ಚರ್ಮಕ್ಕೆ ಇನ್ನೂ ಜಾಸ್ತಿ ತಿಂಗಳು ಬೇಕಲ್ವಾ? ಸ್ವಲ್ಪ ಹಾಗೇ ಉಳಿಯಲೂಬಹುದು. ದುಬಾರಿ ಕ್ರೀಮಿಗೆ ಸುಮ್ನೆ ದುಡ್ಡು ಹಾಕಬೇಡಿ.

ಹಾಲು ಕುಡಿಸುವಾಗ ಊಟ ಬಿಡುವ ಡಯಟ್ ಬೇಡವೇ ಬೇಡ. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಮೊಟ್ಟೆ, ಮೊಸರು, ಹೊಟ್ಟೆ ತುಂಬ ತಿನ್ನುತ್ತೇನೆ. ಬಿಸಿಲೇರುವ ಮೊದಲು ಅರ್ಧ ಗಂಟೆ ನಡಿಗೆ. ಹೊಟ್ಟೆ ನಡುವೆ ಸ್ನಾಯು ಬಿಟ್ಟುಕೊಂಡಂತೆ ಕಂಡರೆ ಡಾಕ್ಟರಿಗೆ ತೋರಿಸಿಯೇ ವ್ಯಾಯಾಮ ಶುರು ಮಾಡಿ.

ಮೊನ್ನೆ ಮಗಳು ಇದೇ ಮೆತ್ತನೆ ಹೊಟ್ಟೆಗೆ ಕೆನ್ನೆ ಒತ್ತಿ ನಿದ್ದೆ ಹೋದಳು. ಅಲುಗಾಡದೆ ಒಂದು ತಾಸು ಹಾಗೇ ಕೂತಿದ್ದೆ.